ಕೈರೋದ ನಿಲುವಂಗಿ, ರೆಸ್ಟನ್ನಿನ ಕೌದಿ

ಅಮೆರಿಕದ ರೆಸ್ಟನ್ನಿನಲ್ಲಿ ಗಂಗಾಂಬಿಕಾ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರ್ ಗುರುಶಾಂತಪ್ಪನವರ ಮಿಸೆಸ್ ಅನ್ನಬೇಕು, ಆಗ ‘ಓ, ಅವರಾ? ಶೇಂಗಾ ಚಟ್ನಿ ಚೆನ್ನಾಗಿ ಮಾಡ್ತಾರೆ, ಪಾಪ’ ಅನ್ನುತ್ತಿದ್ದರು. ಆ ‘ಪಾಪ’ ಯಾಕೆ ಅಂತ ಕೇಳಬೇಡಿ, ಮಾತು ಕಡಿಮೆ ಇರೋ ಹೆಂಗಸರಿಗೆಲ್ಲ ನಮ್ಮ ಜನ ಒಂದು ಪಾಪ ಸೇರಿಸಿಯೇ ಹೇಳುತ್ತಾರೆ. ಆಕೆ ಎರಡು ಕಥಾಸಂಕಲನ ಬರೆದವಳು, ಧಾರವಾಡದ ಕಡೆ ಓದಿದವರು ‘ಯಾರೀಕಿ, ಚಲೋ ಬರೀತಾಳಲ್ಲ’ ಅಂದಿದ್ದರು ಅನ್ನೋ ಸುದ್ದಿ ಪೊಟೋಮ್ಯಾಕ್ ನದಿ ದಾಟಿ ಈ ಕಡೆ ಬಂದೇ ಇರಲಿಲ್ಲ. ಕನ್ನಡ ಸಂಘದವರಿಗೆ ರಾಜ್ಯೋತ್ಸವ ಹತ್ತಿರ ಬಂದಾಗ ಮಾತ್ರ ನೆನಪಾಗುತ್ತಿತ್ತು. ಮೇಡಂ, ನೀವೇನೋ ಬರೀತೀರಂತಲ್ಲ, ಮಕ್ಕಳಿಗೊಂದು ಸ್ಕಿಟ್ ಬರೆದುಕೊಡಿ, ಸ್ವಲ್ಪ ಕಾಮಿಡಿ ಇರಲಿ, ಬೇಗ ಮುಗೀಬೇಕು, ಆಮೇಲೆ ಊಟ ಇದೆ ಅಂತ ಫೋನ್ ಬರುತ್ತಿತ್ತು. ಆಕೆ ಬರೆದುಕೊಡುತ್ತಿದ್ದಳು. ಒಲ್ಲೆ ಅನ್ನೋಕೆ ಬಾಯಿ ಬರುತ್ತಿರಲಿಲ್ಲ.

ಗುರುಶಾಂತಪ್ಪನವರು ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಆಪರೇಷನ್ನಿಗೆ ಮುಂಚೆ ರೋಗಿಗೆ ಮಂಪರು ಬರಿಸುವ ಡಾಕ್ಟರು. ಬೆಳಗಾಗುವ ಮುಂಚೆ ಹೋದರೆ ಸಂಜೆ ಬರುವ ಹೊತ್ತಿಗೆ ಅವರಿಗೇ ಮಂಪರು ಬಂದಿರುತ್ತಿತ್ತು. ಹೆಂಡತಿ ಬರೆಯುತ್ತಾಳೆ ಅನ್ನೋ ಹೆಮ್ಮೆ ಇತ್ತು, ಏನು ಬರೆಯುತ್ತಾಳೆ ಅಂತ ನೋಡುವ ಪುರಸೊತ್ತು ಇರಲಿಲ್ಲ. ಮಗಳು ರಚನಾ ಕಾಲೇಜಿಗೆ ಅಂತ ನಾರ್ತ್ ಕ್ಯಾರೊಲಿನಾಕ್ಕೆ ಹೋದಳು. ಅವಳಿಗೆ ಕನ್ನಡ ಅಷ್ಟಿಷ್ಟು ಮಾತಾಡೋಕೆ ಬರುತ್ತಿತ್ತು, ಓದೋಕೆ ಬರುತ್ತಿರಲಿಲ್ಲ. ಹೀಗಾಗಿ ಗಂಗಾಂಬಿಕಾ ಬರೆದದ್ದನ್ನು ಆ ಮನೆಯಲ್ಲಿ ಗಂಗಾಂಬಿಕಾಳೇ ಓದಿಕೊಳ್ಳಬೇಕು. ಎಷ್ಟು ದಿನ ಅಂತ ಓದಿಕೊಂಡಾಳು? ಒಂದು ಚಳಿಗಾಲ ಪೆನ್ನು ಮುಚ್ಚಿಟ್ಟಳು. ಕೈ ಸುಮ್ಮನಿರಲಾರದೆ ಸೂಟ್‌ಕೇಸಿನ ತಳದಲ್ಲಿದ್ದ ಹಳೇ ಸೀರೆ ತೆಗೆದು ಕೌದಿ ಹೊಲಿಯಲು ಕೂತಳು.

ಕೌದಿ ಆಕೆಯ ಕೈಗೆ ಹುಟ್ಟಿನಿಂದ ಬಂದ ವಿದ್ಯೆ. ನರಗುಂದದ ಮನೆಯಲ್ಲಿ ಅವ್ವ ಶಿವಕ್ಕ ಕೌದಿಗೆ ಕೂತಳೆಂದರೆ ಓಣಿಯ ಹೆಂಗಸರೆಲ್ಲ ಸೂಜಿ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ಹಳೇ ಸೀರೆ, ಧೋತರ, ಕುಬಸದ ತುಂಡು ಎಲ್ಲ ಒಂದರ ಮೇಲೊಂದು ಹಾಸಿ, ಅಂಚಿನಿಂದ ಹಿಡಿದು ನಡುವಿನ ತನಕ ಸಾಲು ಸಾಲು ಹೊಲಿಗೆ. ಆ ಹೊಲಿಗೆ ನೇರ ಇದೆಯೋ ಇಲ್ಲವೋ ಅಂತ ಮೇಲುಗಡೆ ನೋಡಿ ಹೇಳೋ ಹಾಗಿಲ್ಲ. ಮಗುಚಿ ಹಿಂಭಾಗ ನೋಡಬೇಕು. ಕೌದಿ ಗೊತ್ತಿದ್ದವರು ಯಾರದೇ ಕೆಲಸ ಕಂಡರೂ ಮೊದಲು ಮಗುಚಿಯೇ ನೋಡುತ್ತಾರೆ.

ಆ ಚಾಳಿಯಿಂದಲೇ ಆಕೆಗೆ ನಗ್ವಾ ಸಿಕ್ಕಿದ್ದು. ತೊಂಬತ್ತನಾಲ್ಕರ ಶರತ್ಕಾಲ. ರೆಸ್ಟನ್ನಿನ ಲೈಬ್ರರಿಯ ಓಣಿಯಂಥ ಹಜಾರದಲ್ಲಿ ಈಜಿಪ್ಟಿನ ಈಗಿನ ಕಲಾವಿದರ ಕೆಲಸ ಅಂತ ಒಂದಿಷ್ಟು ಚಿತ್ರ, ಒಂದಿಷ್ಟು ಪ್ಲಾಸ್ಟರಿನ ಬೊಂಬೆ ಇಟ್ಟಿದ್ದರು. ಬಂದವರೆಲ್ಲ ಪಿರಮಿಡ್ಡು ಹುಡುಕುತ್ತಿದ್ದರು. ಪಿರಮಿಡ್ಡೂ ಇಲ್ಲ, ಫೇರೋ ರಾಜನ ಮೂತಿಯೂ ಇಲ್ಲ ಅಂತ ತಿಳಿದ ಮೇಲೆ ಪುಸ್ತಕ ವಾಪಸು ಕೊಟ್ಟು ಮನೆಗೆ ಹೋಗುತ್ತಿದ್ದರು. ಗಂಗಾಂಬಿಕಾ ಮಾತ್ರ ಒಂದು ಬಟ್ಟೆಯ ಚಿತ್ರದ ಮುಂದೆ ನಿಂತುಬಿಟ್ಟಳು. ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿ ಕೂರಿಸಿ ಹೊಲಿದ ಓಣಿ, ಮಾಳಿಗೆ, ಮಾಳಿಗೆಯ ಮೇಲೆ ಒಣಗಲು ಹಾಕಿದ ಅರಿವೆ. ಆಚೀಚೆ ನೋಡಿದಳು, ಯಾರೂ ಕಾಣಲಿಲ್ಲ. ಮೆಲ್ಲಗೆ ಅಂಚು ಹಿಡಿದು ಮಗುಚಿ ಹಿಂಭಾಗ ನೋಡಿದಳು. ಹಿಂದಿನಿಂದ ಯಾರೋ ನಕ್ಕರು. ಪೊಲೀಸರನ್ನು ಕರೆಯುತ್ತಾರೇನೋ ಅಂದುಕೊಂಡಳು.

ನಕ್ಕವಳೇ ನಗ್ವಾ. ಗುಂಗುರು ಕೂದಲಿನ, ದೊಡ್ಡ ಕೈಗಳ, ನಲವತ್ತು ದಾಟಿದ ಹೆಂಗಸು. ಈ ದೇಶಕ್ಕೆ ಬಂದಮೇಲೆ ತನ್ನ ಕೆಲಸ ಮಗುಚಿ ನೋಡಿದವರಲ್ಲಿ ನೀನೇ ಮೊದಲು ಅಂದಳು. ಅವಳ ತಾತ ಕೈರೋದಲ್ಲಿ ಮದುವೆ, ಸಾವುಗಳಿಗೆ ಹಾಕುವ ಬಣ್ಣದ ಡೇರೆ ಹೊಲಿಯುತ್ತಿದ್ದನಂತೆ. ಅವನ ಸೂಜಿ ಮೊಮ್ಮಗಳಿಗೆ ಬಂದಿತ್ತು, ಅದರ ಜೊತೆ ಚಿತ್ರ ಬರೆಯೋ ಹುಚ್ಚು ಅವಳದೇ. ನೀನೂ ಹೊಲಿಯುತ್ತೀಯಾ ಅಂತ ಕೇಳಿದಳು. ಹೂಂ ಅಂದ ಗಂಗಾಂಬಿಕಾ, ಯಾಕೋ ಏನೋ, ನಾನು ಕಥೆ ಬರೆಯುತ್ತೇನೆ ಅಂತಲೂ ಸೇರಿಸಿಬಿಟ್ಟಳು. ಅಮೆರಿಕಕ್ಕೆ ಬಂದಮೇಲೆ ಆಕೆ ಆ ಮಾತನ್ನು ತಾನಾಗಿ ಹೇಳಿದ್ದು ಅದೇ ಮೊದಲು. ನಗ್ವಾ ಹಾಗೋ ಅಂತ ತಲೆ ಆಡಿಸಿ ಮುಂದೆ ಹೋಗಲಿಲ್ಲ. ಈಗ ಏನು ಬರೆಯುತ್ತಿದ್ದೀಯಾ ಅಂತ ಕೇಳಿದಳು. ಅದೊಂದು ಪ್ರಶ್ನೆಯನ್ನು ಎಷ್ಟು ವರ್ಷದಿಂದ ಯಾರೂ ಕೇಳಿರಲಿಲ್ಲವೋ, ಗಂಗಾಂಬಿಕಾ ಲೈಬ್ರರಿಯ ಹಜಾರದಲ್ಲಿ ನಿಂತು ಕಣ್ಣು ಒರೆಸಿಕೊಂಡಳು.

ಅಲ್ಲಿಂದ ಶುರುವಾಯಿತು. ಭಾನುವಾರ ಮಧ್ಯಾಹ್ನ ಫಾಲ್ಸ್ ಚರ್ಚ್ ಅನ್ನೋ ಪಕ್ಕದ ಊರಿನಲ್ಲಿದ್ದ ನಗ್ವಾಳ ನೆಲಮಾಳಿಗೆಯ ಮನೆಗೆ ಹೋಗೋದು. ಮನೆ ಅಂದರೆ ಏನು, ಮಳೆ ಬಂದರೆ ಗೋಡೆ ಬೆವರುವ ಎರಡು ಕೋಣೆ. ಅಲ್ಲಿಗೆ ರಾಗಿಬ್ ಅಂತ ಒಬ್ಬ ವಯಸ್ಸಾದ ಶಿಲ್ಪಿ ಬರುತ್ತಿದ್ದ. ಕೈರೋದಲ್ಲಿ ಕಲ್ಲು ಕೆತ್ತುತ್ತಿದ್ದವನು ಇಲ್ಲಿ ಡಲ್ಲೆಸ್ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಓಡಿಸುತ್ತಿದ್ದ. ಗೊತ್ತಿದ್ದವರು ಅವನ ಹತ್ತಿರ ಮನೆ ಮುಂದೆ ಇಡೋಕೆ ಸ್ಫಿಂಕ್ಸ್ ಮಾಡಿಕೊಡು ಅಂತ ಕೇಳುತ್ತಿದ್ದರಂತೆ. ಗಂಗಾಂಬಿಕಾ ತನ್ನ ಸ್ಕಿಟ್ಟಿನ ಕಥೆ ಹೇಳಿದಳು. ರಾಗಿಬ್ ಹೊಟ್ಟೆ ಹಿಡಿದು ನಕ್ಕ. ನಿನ್ನ ಸ್ಕಿಟ್ಟೂ ನನ್ನ ಸ್ಫಿಂಕ್ಸೂ ಅಕ್ಕತಂಗಿಯರು ಅಂದ. ಪುದೀನ ಹಾಕಿದ ಕಪ್ಪು ಚಹಾ ಗ್ಲಾಸಿನಲ್ಲಿ ಬರುತ್ತಿತ್ತು. ಈಕೆ ಮಾಂಸ ತಿನ್ನುವುದಿಲ್ಲ ಅಂತ ನಗ್ವಾ ಕಾಳು ಬೇಯಿಸಿ, ಬೆಳ್ಳುಳ್ಳಿ ಜಜ್ಜಿ, ಎಣ್ಣೆ ಹುಯ್ದು ಇಡುತ್ತಿದ್ದಳು. ನರಗುಂದದ ಕಾಳುಪಲ್ಯಕ್ಕೂ ಅದಕ್ಕೂ ಅಂಥಾ ದೂರವೇನಿರಲಿಲ್ಲ. ಅಲ್ಲಿ ಕೂತು ಗಂಗಾಂಬಿಕಾ ಮತ್ತೆ ಬರೆಯಲು ಹಿಡಿದಳು. ಮನೆಗೆ ಬರುವಾಗ ಕಾರಿನಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಾ ಬರುತ್ತಿದ್ದಳು.

ಕೌದಿಯನ್ನೂ ಒಂದು ದಿನ ಒಯ್ದು ತೋರಿಸಿದಳು. ನಗ್ವಾ ನೆಲದ ಮೇಲೆ ಹಾಸಿ, ಮಂಡಿಯೂರಿ, ಮೊದಲು ಹಿಂಭಾಗ ನೋಡಿದಳು. ಆಮೇಲೆ, ಮುಂದಿನ ವರ್ಷ ಬೇಸಿಗೆಯ ಹೊತ್ತಿಗೆ ನಾವೆಲ್ಲ ಅಟ್ಲಾಂಟಾದಲ್ಲಿ ಒಂದು ಪ್ರದರ್ಶನ ಮಾಡೋಣ ಅಂತಿದ್ದೇವೆ, ನೀನೂ ಒಂದು ಕೌದಿ ಕೊಡು ಅಂದಳು. ಬೇರೆ ಯಾರಾದರೂ ಅಂದಿದ್ದರೆ ಗಂಗಾಂಬಿಕಾ ತಮಾಷೆ ಅಂದುಕೊಳ್ಳುತ್ತಿದ್ದಳು. ನಗ್ವಾ ತಮಾಷೆಗೆ ಹೇಳುವವಳಲ್ಲ. ಅವತ್ತಿನಿಂದ ಆಕೆಯ ತಲೆಯಲ್ಲಿ ಒಂದು ಬಿಳಿ ಗೋಡೆ, ಅದರ ಮೇಲೊಂದು ಕೌದಿ, ಪಕ್ಕದಲ್ಲಿ ತನ್ನ ಹೆಸರು ಬಂದು ಕೂತಿತು.

ತೊಂಬತ್ತೈದರ ಅಕ್ಟೋಬರಿನಲ್ಲಿ ಕೈರೋದಲ್ಲಿ ನಗ್ವಾಳ ತಾಯಿ ಸತ್ತಳು. ನಗ್ವಾಗೆ ಹೋಗಲಾಗಲಿಲ್ಲ. ಗ್ರೀನ್ ಕಾರ್ಡಿನ ಕಾಗದ ಇನ್ನೂ ಸರ್ಕಾರದ ಹತ್ತಿರವೇ ಇತ್ತು. ಈಗ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರೋದು ಅನುಮಾನ ಅಂತ ವಕೀಲ ಹೇಳಿದ್ದ. ಹೆತ್ತ ತಾಯಿ ಮಣ್ಣಿಗೆ ಹೋಗುವಾಗ ಮಗಳು ಫಾಲ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಫೋನು ಕಿವಿಗಿಟ್ಟುಕೊಂಡು ಕೂತಿದ್ದಳು. ಆ ಕಡೆ ತಂಗಿ ಏನೇನು ಆಗುತ್ತಿದೆ ಅಂತ ಹೇಳುತ್ತಿದ್ದಳು, ಈಕೆ ಕೇಳುತ್ತಿದ್ದಳು. ಗಂಗಾಂಬಿಕಾ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದಳು. ಅವರ ಭಾಷೆ ಒಂದಕ್ಷರ ತಿಳಿಯದಿದ್ದರೂ ಆಕೆಗೂ ಅಳು ತಡೆಯಲಾಗಲಿಲ್ಲ.

ಕೆಲವು ವಾರಕ್ಕೆ ಕೈರೋದಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ತಂಗಿ ಒಂದು ಪ್ಲಾಸ್ಟಿಕ್ ಚೀಲ ಕಳಿಸಿದಳು. ಒಳಗೆ ತಾಯಿ ಮನೆಯಲ್ಲಿ ತೊಡುತ್ತಿದ್ದ ಹತ್ತಿಯ ನಿಲುವಂಗಿ. ಬಿಗಿಯಾಗಿ ಗಂಟು ಕಟ್ಟಿತ್ತು. ಅದೇ ಹೊತ್ತಿಗೆ ನಗ್ವಾಗೆ ಅಟ್ಲಾಂಟಾದ ಒಂದು ಕಲಾಶಾಲೆಯಲ್ಲಿ ಕೆಲವು ತಿಂಗಳು ಇದ್ದು ಕಲಿಸುವ ಕೆಲಸ ಸಿಕ್ಕಿತ್ತು. ಮನೆ ಖಾಲಿ ಮಾಡಬೇಕು, ಸಾಮಾನು ಅಲ್ಲಿ ಇಲ್ಲಿ ಇಡಬೇಕು. ಹೊರಡುವ ಮುಂಚೆ ಆ ಚೀಲ ತಂದು ಗಂಗಾಂಬಿಕಾಳ ಕೈಯಲ್ಲಿಟ್ಟಳು.

“ಇದನ್ನು ನಿನ್ನ ಮನೆಯಲ್ಲಿ ಒಣ ಜಾಗದಲ್ಲಿ ಇಟ್ಟಿರು, ಗಂಗಾ. ನನಗೆ ಈಗ ಶಕ್ತಿ ಇಲ್ಲ. ವಾಪಸು ಬಂದಮೇಲೆ ತಗೊಳ್ತೀನಿ.”

ಅಷ್ಟೇ ಹೇಳಿದ್ದು. ಗಂಟು ಯಾಕೆ ಕಟ್ಟಿದೆ ಅಂತ ಅವಳು ಹೇಳಲಿಲ್ಲ. ಅವಳಿಗೆ ಅದು ಹೇಳಬೇಕಾದ ಮಾತು ಅಂತಲೇ ಅನಿಸಿರಲಿಲ್ಲ. ಗಂಗಾಂಬಿಕಾ ಕೇಳಲೂ ಇಲ್ಲ. ಸತ್ತ ತಾಯಿಯ ಅರಿವೆಯನ್ನು ಏನು ಮಾಡಬೇಕು ಅನ್ನೋದು ಆಕೆಗೆ ಹುಟ್ಟಿನಿಂದ ಗೊತ್ತಿದ್ದ ವಿಷಯ.

ನರಗುಂದದ ಅವರ ಓಣಿಯಲ್ಲಿ ನಡೆದುಬಂದದ್ದು ಹೀಗೆ. ತಾಯಿ ತೀರಿಕೊಂಡರೆ ವರ್ಷ ತುಂಬುವುದರೊಳಗೆ ಆಕೆಯ ಸೀರೆಯಿಂದ ಕೌದಿ ಹೊಲಿದು ಹೆಣ್ಣುಮಗಳಿಗೆ ಹೊದಿಸಬೇಕು. ತಾಯಿ ಕಳೆದುಕೊಂಡವಳು ತಾನೇ ಹೊಲಿದುಕೊಳ್ಳುವ ಹಾಗಿಲ್ಲ. ಗೆಳತಿಯೋ ನೆರೆಮನೆಯವಳೋ ಹೊಲಿದು ಕೊಡಬೇಕು. ಅವಳು ಕೇಳುವ ತನಕ ಕಾಯಬಾರದು, ಹೇಳಿಯೂ ಹೊಲಿಯಬಾರದು. ಅಷ್ಟು ಮಾಡದವಳು ಗೆಳತಿಯೇ ಅಲ್ಲ ಅಂತ ಶಿವಕ್ಕ ಅನ್ನುತ್ತಿದ್ದಳು. ಓಣಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಆ ಕೌದಿ ಹೊದ್ದುಕೊಂಡು ಅತ್ತು ಹಗುರಾದದ್ದನ್ನು ಗಂಗಾಂಬಿಕಾ ಕಣ್ಣಾರೆ ಕಂಡಿದ್ದಳು.

ಡಿಸೆಂಬರಿನಲ್ಲಿ ಹಿಮ ಬಿತ್ತು. ಬೀರುವಿನಲ್ಲಿ ಆ ಚೀಲ, ಅಟ್ಲಾಂಟಾದಲ್ಲಿ ಆ ತಬ್ಬಲಿ. ಗಂಗಾಂಬಿಕಾಗೆ ಕೂತಲ್ಲಿ ಕೂರಲಾಗಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಆಕೆಯ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಇಂಥ ಕೌದಿ ಹೊಲಿದರೆ ನಗ್ವಾ ತಾನಾಗಿಯೇ ಇದನ್ನು ಅಟ್ಲಾಂಟಾದಲ್ಲಿ ಹಾಕೋಣ ಅಂದಾಳು ಅಂತ. ಪ್ರೀತಿ ದೊಡ್ಡದಿತ್ತು, ಈ ಆಸೆ ಅದರ ಮಗ್ಗುಲಲ್ಲಿ ಸಣ್ಣದಾಗಿ ಕೂತಿತ್ತು. ಎರಡೂ ಕೂಡಿಯೇ ಆಕೆಯನ್ನು ಎಬ್ಬಿಸಿದವು. ಚೀಲದ ಗಂಟು ಬಿಚ್ಚಿದಳು.

ನೀಲಿಯ ಸಣ್ಣ ಹೂವಿನ ನಿಲುವಂಗಿ. ತೊಟ್ಟು ತೊಟ್ಟು ಮೆತ್ತಗಾಗಿತ್ತು. ಕೌದಿಗೆ ಅರಿವೆ ಹದ ಮಾಡುವ ರೀತಿ ಇದೆ. ಮೊದಲು ಹೊಲಿಗೆ ಬಿಚ್ಚಬೇಕು. ಕೊರಳು, ಕಂಕುಳು, ತೋಳಿನ ತುದಿ ಇವೆಲ್ಲ ಬೆವರು ತಿಂದು ಜೀರ್ಣವಾಗಿರುತ್ತವೆ, ಕತ್ತರಿಸಿ ತೆಗೆಯಬೇಕು, ಕೌದಿಗೆ ಅವು ತಡೆಯುವುದಿಲ್ಲ. ಉಳಿದ ಗಟ್ಟಿ ಅರಿವೆಯನ್ನು ಕುದಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಲಿಂಗಾಯತರಲ್ಲಿ ಸೂತಕ ಇಲ್ಲ ಅಂತ ಬಾಯಲ್ಲಿ ಹೇಳುತ್ತಾರೆ, ಹಾಗಂತ ಸತ್ತವರು ಉಟ್ಟ ಅರಿವೆಯನ್ನು ಒಗೆಯದೆ ಯಾರೂ ಸೂಜಿ ಚುಚ್ಚುವುದಿಲ್ಲ. ಗಂಗಾಂಬಿಕಾ ಎಲ್ಲವನ್ನೂ ಅವ್ವ ಕಲಿಸಿದ ಹಾಗೇ ಮಾಡಿದಳು. ಕೊರಳು, ಕಂಕುಳಿನ ತುಂಡು ಕಸದ ಚೀಲಕ್ಕೆ ಹೋದವು. ಉಳಿದದ್ದು ಒಗೆಯುವ ಮಷೀನಿಗೆ ಹೋಗಿ ಘಮ್ಮೆನ್ನುತ್ತಾ ಹೊರಗೆ ಬಂತು. ಗುರುವಾರ ಕಸದ ಲಾರಿ ಬಂದು ಚೀಲ ಒಯ್ದಿತು.

ಚಳಿಗಾಲವಿಡೀ ಹೊಲಿದಳು. ನಡುವೆ ನೀಲಿ ಹೂವಿನ ಅರಿವೆ, ಸುತ್ತ ತನ್ನ ಇಳಕಲ್ ಸೀರೆಯ ಕೆಂಪು ಸೆರಗು. ತನ್ನ ಮದುವೆಯ ಸೀರೆ ಅದು. ಗುರುಶಾಂತಪ್ಪನವರು ಒಂದು ಸಂಜೆ ಬಂದು ನೋಡಿ, ಇಷ್ಟು ಚಂದದ್ದು ನೀ ನಮಗ ಹೊಲಿದಿಲ್ಲಲ್ಲ ಅಂದರು. ಆಕೆ ನಕ್ಕಳು. ಬರೆಯುವುದನ್ನೂ ಬಿಟ್ಟಿದ್ದಳು ಆಗ, ಎಲ್ಲ ಕಥೆಯೂ ಬೆರಳ ತುದಿಯಿಂದ ಅದರೊಳಕ್ಕೇ ಇಳಿಯುತ್ತಿತ್ತು.

ಮಾರ್ಚಿನ ಕೊನೆಗೆ ನಗ್ವಾ ಬಂದಳು. ಉಳಿದ ಸಾಮಾನು ಒಯ್ಯಲು ರಾಗಿಬ್‌ನ ಕಾರಿನಲ್ಲಿ ಬಂದಿದ್ದಳು, ಅವನು ಟ್ಯಾಕ್ಸಿ ಪಾಳಿಗೆ ಅಂತ ಬಿಟ್ಟು ಹೋದ. ಗಂಗಾಂಬಿಕಾ ಹೋಳಿಗೆ ಮಾಡಿದ್ದಳು. ಊಟಕ್ಕೆ ಮುಂಚೆ ಒಂದು ತೋರಿಸಬೇಕು ಅಂತ ಕೈಹಿಡಿದು ಒಳಗೆ ಕರೆದೊಯ್ದಳು. ಮಂಚದ ಮೇಲೆ ಕೌದಿ ಹಾಸಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು.

ನಗ್ವಾ ಬಾಗಿಲಲ್ಲೇ ನಿಂತಳು. ಹತ್ತಿರ ಬಂದು ನೀಲಿ ಹೂವಿನ ಮೇಲೆ ಕೈಯಿಟ್ಟಳು. ಹೊಲಿಗೆಯ ಸಾಲಿನ ಗುಂಟ ಬೆರಳು ಎಳೆದಳು. ಅಭ್ಯಾಸದ ಕೈ, ಅಂಚು ಹಿಡಿದು ಮಗುಚಿ ಹಿಂಭಾಗವನ್ನೂ ನೋಡಿತು. ಗಂಗಾಂಬಿಕಾ ಅವಳ ಒಂದು ಮಾತಿಗೆ ಕಾಯುತ್ತಿದ್ದಳು. ನಗ್ವಾ ಬಗ್ಗಿ ಕೌದಿಯಲ್ಲಿ ಮುಖ ಹುದುಗಿಸಿದಳು. ಬಹಳ ಹೊತ್ತು ಹಾಗೇ ಇದ್ದಳು. ಅಳುತ್ತಿದ್ದಾಳೆ, ಹಗುರಾಗಲಿ ಅಂತ ಗಂಗಾಂಬಿಕಾ ಬೆನ್ನ ಮೇಲೆ ಕೈಯಾಡಿಸಿದಳು. ನಗ್ವಾ ಅಳುತ್ತಿರಲಿಲ್ಲ. ಉಸಿರು ಎಳೆದು ಎಳೆದು ನೋಡುತ್ತಿದ್ದಳು.

“ಒಗೆದೆಯಾ?” ಅಂತ ಕೇಳಿದಳು.

ಚೆನ್ನಾಗಿ ಒಗೆದೆ ಅಂದಳು ಗಂಗಾಂಬಿಕಾ. ಹೆಮ್ಮೆಯಿಂದಲೇ ಅಂದಳು, ಪಾಪ.

“ಕೊರಳು ಎಲ್ಲಿ? ತೋಳು?”

ಅವು ಕೌದಿಗೆ ಬರುವುದಿಲ್ಲ, ಜೀರ್ಣವಾಗಿದ್ದವು, ಒಗೆಯುವ ಮುಂಚೆಯೇ ತೆಗೆದು ಬಿಸಾಕಿದೆ ಅನ್ನುತ್ತಾ ಅನ್ನುತ್ತಾ ಗಂಗಾಂಬಿಕಾಳ ಮಾತು ನಿಧಾನವಾಯಿತು. ನಗ್ವಾಳ ಮುಖ ನೋಡಿದಳು. ಏನೋ ಆಗಬಾರದ್ದು ಆಗಿದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ.

ನಗ್ವಾ ಮಂಚದ ಅಂಚಿಗೆ ಕೂತು ಮೆಲ್ಲಗೆ ಹೇಳಿದಳು. ಹೆಣ ತೊಳೆಯುವ ಮುಂಚೆ ತಂಗಿ ಅಮ್ಮನ ಮೈಯಿಂದ ಆ ಅಂಗಿ ತೆಗೆದು, ಹಾಗೇ ಚೀಲಕ್ಕೆ ಹಾಕಿ, ಗಾಳಿ ಹೋಗದ ಹಾಗೆ ಗಂಟು ಬಿಗಿದಿದ್ದಳು. ಮುಖ ನೋಡಲಾಗಲಿಲ್ಲ, ಮಣ್ಣು ಹಾಕಲಾಗಲಿಲ್ಲ, ಅಕ್ಕನಿಗೆ ವಾಸನೆಯಾದರೂ ಸಿಗಲಿ ಅಂತ. ಬಿಚ್ಚಿದರೆ ಹಾರಿಹೋಗುತ್ತದೆ, ಅದಕ್ಕೇ ಒಂದೇ ಸಲ ಬಿಚ್ಚಬೇಕು, ಧೈರ್ಯ ಬಂದ ದಿನ ಬಿಚ್ಚಬೇಕು ಅಂತ ನಗ್ವಾ ಇಟ್ಟುಕೊಂಡಿದ್ದಳು. ತನ್ನ ನೆಲಮಾಳಿಗೆಯ ತೇವಕ್ಕೆ ಬೂಸಲು ಹಿಡಿದೀತು ಅಂತ ಹೆದರಿ ಗೆಳತಿಯ ಒಣ ಬೀರು ಹುಡುಕಿಕೊಂಡು ಬಂದಿದ್ದಳು.

“ಈವತ್ತು ಧೈರ್ಯ ಮಾಡಿಕೊಂಡು ಬಂದಿದ್ದೆ” ಅಂದಳು.

ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಗಾಂಬಿಕಾ ಕಾಲು ಹಿಡಿಯಲು ಬಗ್ಗಿದಳು, ಅವಳು ಭುಜ ಹಿಡಿದು ಎಬ್ಬಿಸಿದಳು. ನೀನು ಪ್ರೀತಿಯಿಂದ ಮಾಡಿದೆ, ನನಗೆ ಕಾಣುತ್ತದೆ, ಹಿಂಭಾಗದ ಹೊಲಿಗೆ ನೋಡಿದೆ ಅಂದಳು. ಅಡುಗೆಮನೆಗೆ ಬಂದು ಅರ್ಧ ಹೋಳಿಗೆ ತಿಂದಳು. ರಾಗಿಬ್ ಬಂದಾಗ ಕೌದಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಥ್ಯಾಂಕ್ಯೂ ಗಂಗಾ ಅಂತ ಹೇಳಿ ಹೋದಳು. ಆ ಥ್ಯಾಂಕ್ಯೂ ಗಂಗಾಂಬಿಕಾಳ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು.

ಗುರುಶಾಂತಪ್ಪನವರು ಹೆಂಡತಿಯ ಕಡೆಯೇ ಮಾತಾಡಿದರು. ಗಂಡಂದಿರು ಅಪರೂಪಕ್ಕೆ ನಮ್ಮ ಕಡೆ ಮಾತಾಡುತ್ತಾರೆ, ಅದು ಸಮಾಧಾನಕ್ಕೆ ಬಾರದ ಹೊತ್ತಿನಲ್ಲೇ ಆಗಿರುತ್ತದೆ.

“ಅಕಿ ಬಾಯಿಬಿಟ್ಟು ಹೇಳಬೇಕಿತ್ತಲ್ಲ. ಹೇಳಲಾರದ ನಿನಗ ಹ್ಯಾಂಗ ತಿಳೀಬೇಕು?”

“ಕೇಳಬೇಕಾದಾಕಿ ನಾನ್ರಿ” ಅಂದಳು ಗಂಗಾಂಬಿಕಾ. “ಮಂದಿ ಕಟ್ಟಿದ ಗಂಟು ಕೇಳಲಾರದ ಬಿಚ್ಚಿದ್ನಲ್ರಿ.”

ಆಮೇಲೆ ಫೋನು ಮಾಡಿದಳು. ಅಟ್ಲಾಂಟಾದಲ್ಲಿ ಮಾತು ಹಿಡಿದಿಡುವ ಮಷೀನು ಎತ್ತಿಕೊಳ್ಳುತ್ತಿತ್ತು, ಆ ಬೀಪ್ ಅನ್ನುವ ಯಂತ್ರಕ್ಕೆ ಏನಂತ ಹೇಳೋದು? ಇಟ್ಟುಬಿಡುತ್ತಿದ್ದಳು. ಭಾನುವಾರ ಬಂದರೆ ಕೈಕಾಲು ತಾವಾಗಿಯೇ ಕಾರಿನ ಕೀಲಿ ಹುಡುಕುತ್ತಿದ್ದವು, ಹೋಗುವ ಮನೆ ಇರಲಿಲ್ಲ. ಬರೆಯಲು ಕೂತರೆ ಕಸದ ಲಾರಿಯ ಸದ್ದೇ ಕಿವಿಯಲ್ಲಿ. ಜಗತ್ತಿನಲ್ಲಿ ತನ್ನನ್ನು ಬರೆಯುವವಳು ಅಂತ ನೋಡಿದವಳು ಒಬ್ಬಳಿದ್ದಳು, ಅವಳ ತಾಯಿಯನ್ನು ತಾನು ಎರಡನೇ ಸಲ ಸಾಯಿಸಿದೆ ಅಂತ ಆಕೆಗೆ ಅನ್ನಿಸಿಬಿಟ್ಟಿತು. ಬೇಕಾಗಿದ್ದದ್ದು ಒಂದೇ, ನಗ್ವಾ ಮತ್ತೆ ತನ್ನ ಹತ್ತಿರ ಬಂದು ಕೂರಬೇಕು. ಸಿಟ್ಟು ಮಾಡಲಿ, ಹೊಡೆಯಲಿ, ಬಂದು ಕೂತರೆ ಸಾಕು.

ಮೇ ತಿಂಗಳಲ್ಲಿ ರಾಗಿಬ್ ಫೋನು ಮಾಡಿದ. ಒಲಿಂಪಿಕ್ಸ್ ಗದ್ದಲ ಶುರುವಾಗುವ ಮುಂಚೆ ಪ್ರದರ್ಶನ ಮುಗಿಸುತ್ತಿದ್ದೇವೆ, ನಿನ್ನ ಕೆಲಸವೂ ಇದೆ, ಬಾ ಅಂದ. ನಗ್ವಾ ಹೇಳಿದಳಾ ಅಂತ ಕೇಳಿದಳು. ಅವಳೇ ಹೇಳಿದ್ದು ಅಂದ. ಗುರುಶಾಂತಪ್ಪನವರು ಮರುಮಾತಿಲ್ಲದೆ ರಜೆ ಹಾಕಿ ಕಾರು ತೆಗೆದರು. ದಾರಿಯಲ್ಲಿ ಕ್ಯಾರೊಲಿನಾದಲ್ಲಿ ಮಗಳ ಹತ್ತಿರ ಒಂದಿಷ್ಟು ಹೊತ್ತು ನಿಂತರು. ಅಮ್ಮನ ಆರ್ಟ್ ಗ್ಯಾಲರಿಯಲ್ಲಿದೆಯಂತೆ ಅಂತ ರಚನಾ ಕುಣಿದಾಡಿ ಗೆಳತಿಯರಿಗೆಲ್ಲ ಹೇಳಿದಳು. ಗಂಗಾಂಬಿಕಾ ಮಗಳ ಕೆನ್ನೆ ಸವರಿದಳು. ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ ಗಂಡನ ಗೆಳೆಯ ಹರಿಪ್ರಸಾದರ ಮನೆಯಲ್ಲಿ ಉಳಿದು, ಮಾರನೇ ದಿನ ಮಧ್ಯಾಹ್ನ ಗ್ಯಾಲರಿಗೆ ಹೋದರು.

ಬಿಳಿ ಗೋಡೆಯ ಮೇಲೆ ಕೌದಿ ತೂಗಿತ್ತು. ನಡುವೆ ನೀಲಿ ಹೂವು, ಸುತ್ತ ಕೆಂಪು. ಪಕ್ಕದಲ್ಲಿ ಚೀಟಿ: ಗಂಗಾಂಬಿಕಾ, ರೆಸ್ಟನ್, ಹಳೆಯ ಬಟ್ಟೆ ಮತ್ತು ದಾರ. ಅಷ್ಟೇ. ಒಬ್ಬ ತಾಯಿಯ ನಿಲುವಂಗಿ ಅಂತ ಇಲ್ಲ, ಕೈರೋ ಅಂತ ಇಲ್ಲ. ನಗ್ವಾ ಅದನ್ನು ತನ್ನದು ಅಂತ ಇಟ್ಟುಕೊಂಡಿರಲಿಲ್ಲ. ಅದರಲ್ಲಿ ಅವಳ ತಾಯಿ ಇರಲಿಲ್ಲ, ಆದ್ದರಿಂದ ಹೊಲಿದವಳಿಗೇ ವಾಪಸು ಕೊಟ್ಟಿದ್ದಳು. ಗಂಗಾಂಬಿಕಾ ಕನಸಿನಲ್ಲಿ ಕಂಡ ಗೋಡೆಯೇ ಅದು, ಅದೇ ಹೆಸರು. ಬಂದವರು ಮೂಗು ತಾಗುವಷ್ಟು ಹತ್ತಿರ ನಿಂತು ಹೊಲಿಗೆ ನೋಡಿ ಹೊಗಳುತ್ತಿದ್ದರು. ಒಬ್ಬಾಕೆ ಇದು ಮಾರಾಟಕ್ಕಿದೆಯಾ ಅಂತ ಕೇಳಿದಾಗ ನಗ್ವಾ ದೂರದಿಂದಲೇ ಗಂಗಾಂಬಿಕಾಳ ಕಡೆ ಕೈ ತೋರಿಸಿದಳು. ಇಲ್ಲ ಅಂತ ತಲೆಯಾಡಿಸಿ ಗಂಗಾಂಬಿಕಾ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಚುರುಕಾಗಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ನಗ್ವಾ ಬಂದು ಪಕ್ಕದಲ್ಲಿ ಕೂತಳು. ಇಷ್ಟು ದಿನ ಹಂಬಲಿಸಿದ್ದು ಅದೇ ಅಲ್ಲವೇ, ಆದರೂ ಗಂಗಾಂಬಿಕಾ ತಿರುಗಿ ನೋಡಲಾರದೆ ಹೋದಳು. ಇಬ್ಬರೂ ಎದುರಿನ ಕಾರುಗಳನ್ನು ನೋಡುತ್ತಾ ಕೂತರು. ನಗ್ವಾ ಸೊರಗಿದ್ದಳು. ಫೋನು ಎತ್ತಲಿಲ್ಲ, ಎತ್ತಲಾಗಲಿಲ್ಲ ಅಂದಳು. ಆಮೇಲೆ ಆಕೆಯ ಕೈಯನ್ನು ತನ್ನ ದೊಡ್ಡ ಕೈಯಲ್ಲಿ ಹಿಡಿದುಕೊಂಡಳು.

“ಒಂದು ಕೇಳ್ತೀನಿ, ಗಂಗಾ. ಆ ಗಂಟು ಬಿಚ್ಚಿದವಳು ನೀನು. ಆಗ ಅಮ್ಮನ ವಾಸನೆ ಹೊರಗೆ ಬಂದಿರಬೇಕು. ಅದು ಗೊತ್ತಿರುವವಳು ಈ ದೇಶದಲ್ಲಿ ನೀನೊಬ್ಬಳೇ. ನೀನು ಬರೆಯುವವಳು, ನಿನಗೆ ಹೇಳೋಕೆ ಬರುತ್ತೆ. ಹೇಗಿತ್ತು, ಹೇಳು.”

ಕಥೆ ಕಟ್ಟುವವಳಿಗೆ ಅದೇನು ದೊಡ್ಡದು? ಬೆಳ್ಳುಳ್ಳಿ ಅನ್ನಬಹುದಿತ್ತು, ತಲೆಗೆ ಹಚ್ಚುವ ಎಣ್ಣೆ ಅನ್ನಬಹುದಿತ್ತು, ಬಿಸಿಲಿಗೆ ಕೂತ ಮುದುಕಿಯ ಮೈಬೆವರು ಅನ್ನಬಹುದಿತ್ತು. ಮಾತುಗಳು ಬಾಯಿಯ ತನಕ ಬಂದು ನಿಂತವು. ನಗ್ವಾ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಆ ಮುಖದ ಮುಂದೆ ಆಕೆಗೆ ಸುಳ್ಳು ಹುಟ್ಟಲಿಲ್ಲ. ನಿಜ ಹೇಳಲು ಇಂಗ್ಲಿಷಿನಲ್ಲಿ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ.

“ಇಂಗ್ಲಿಷಿನಲ್ಲಿ ಆಗ್ತಿಲ್ವಾ?” ಅಂದಳು ನಗ್ವಾ, ಕಣ್ಣು ತೆರೆಯದೆ. “ನಿನ್ನ ಭಾಷೆಯಲ್ಲೇ ಹೇಳು. ನಾನು ಕೇಳ್ತೀನಿ.”

ಗಂಗಾಂಬಿಕಾ ಕನ್ನಡದಲ್ಲಿ ಹೇಳಿದಳು.

“ನನಗ ಗೊತ್ತಿಲ್ಲ ನಗ್ವಾ. ಹಳೇ ಅರಿವಿ ಬಿಚ್ಚೋವಾಗ ಮೂಗಿಗೆ ಸೆರಗು ಕಟ್ಟಿಕೋ ಅಂತ ನಮ್ಮವ್ವ ಕಲಿಸಿದ್ದಳು. ನಾ ಕಟ್ಟಿಕೊಂಡಿದ್ದೆ. ನಿಮ್ಮವ್ವ ನನ್ನ ಮುಂದ ಬಂದಿದ್ದಳು, ನಾನಽ ಮೂಗು ಮುಚ್ಚಿಕೊಂಡು ಕೂತಿದ್ದೆ.”

ಕನ್ನಡ ಒಂದಕ್ಷರ ತಿಳಿಯದಿದ್ದರೂ ನಗ್ವಾ ಒಂದೊಂದು ಶಬ್ದವನ್ನೂ ತಲೆ ಬಾಗಿಸಿ ಕೇಳಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಲ್ಲದ ತನಕ ಬಂತು. ಅಕ್ಟೋಬರಿನಿಂದ ಬಿಗಿದುಕೊಂಡಿದ್ದ ಆ ಮುಖ ಮೆಲ್ಲಗೆ ಸಡಿಲವಾಯಿತು. ಗಂಗಾಂಬಿಕಾಳ ಹೆಗಲಿಗೆ ತಲೆಯಾನಿಸಿ, ಇನ್ನೊಂದು ಸಲ ಹೇಳು ಅಂದಳು.

ಗಂಗಾಂಬಿಕಾ ಇನ್ನೊಂದು ಸಲ ಹೇಳಿದಳು.